ಜ್ವರವಿಲ್ಲದ ಮನೆಗೆ ಬರುತ್ತಿದ್ದವರು

ನನಗೆ ಮೊದಲು ಪರಿಚಯವಾದದ್ದು ಅವರ ರಕ್ತ; ಅವರು ಪರಿಚಯವಾದದ್ದು ಆಮೇಲೆ. ಕೇಳುವವರಿಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ನಡೆದದ್ದು ಹಾಗೆಯೇ. ಈಚೆಗೆ, ಅವರು ತೀರಿಕೊಂಡು ಒಂದೂವರೆ ತಿಂಗಳಾದ ಮೇಲೆ, ಅವರ ಅಳಿಯ ಹನುಮಸಾಗರದಿಂದ ಬರೆದ ಕಾರ್ಡು ನನ್ನ ಕೈ ಸೇರಿತು. ಕಾರ್ಡಿನಲ್ಲಿ ಪೂರ್ತಿ ಹೆಸರಿತ್ತು. ಓದಿದವನು ಇವರು ಯಾರಿರಬಹುದು ಎಂದು ಒಂದು ಗಳಿಗೆ ಯೋಚಿಸಬೇಕಾಯಿತು. ಯಾಕೆಂದರೆ ಗಂಗಾವತಿ ತಾಲ್ಲೂಕಿನಲ್ಲಿ ಅವರು ಸೈಕಲ್ ತುಳಿದ ಹಳ್ಳಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವರು ‘ಮಲೇರಿಯಾದವರು’. ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಕಾಲುವೆಯ ನೀರು ಬಂದು ಗಂಗಾವತಿಯ ಸುತ್ತ ಎಲ್ಲಿ ನೋಡಿದರೂ ಭತ್ತ. ನೀರಿನ ಜೊತೆಗೆ ಸೊಳ್ಳೆಯೂ ಬಂದಿತ್ತು. ನಾನು ಯಲಬುರ್ಗಾ ಕಡೆಯ ಒಣಸೀಮೆಯವನು. ಆನೆಗೊಂದಿ ದಾರಿಯ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ ಲ್ಯಾಬ್ ಟೆಕ್ನಿಷಿಯನ್ ಆಗಿ ಆಗಷ್ಟೇ ಬಂದಿದ್ದೆ. ನೌಕರಿ ಹೊಸದು, ಸೂಕ್ಷ್ಮದರ್ಶಕವೂ ಹೊಸದು, ತಲೆಯಲ್ಲಿ ಗಾಳಿ ಸ್ವಲ್ಪ ಜಾಸ್ತಿಯೇ ಇತ್ತು.

ಮಲೇರಿಯಾದವರ ಕೆಲಸ ಇಷ್ಟೇ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೂ ಹೋಗಿ ‘ಜ್ವರ ಅದಾವೇನ್ರಿ’ ಎಂದು ಕೇಳಬೇಕು. ಇಲ್ಲವೆಂದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಗೆ ನಡೆಯಬೇಕು. ಇದೆಯೆಂದರೆ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಸ್ಲೈಡಿಗೆ ಸವರಿ, ಹೆಸರು ಬರೆದು ನನಗೆ ಕಳಿಸಬೇಕು. ಜ್ವರದ ರೋಗಿಯಿದ್ದ ಮನೆಗೆ ಮಾತ್ರ ನಡುವೆ ಮತ್ತೆ ಹೋಗಬಹುದು. ನಾನು ಸ್ಲೈಡಿಗೆ ಬಣ್ಣ ಹಾಕಿ ನೋಡಿ ಮಲೇರಿಯಾ ಇದೆ, ಇಲ್ಲ ಎಂದು ಬರೆಯುತ್ತಿದ್ದೆ. ದಿನಕ್ಕೆ ನೂರಾರು ಸ್ಲೈಡು. ಸಂಜೆಗೆ ಕಣ್ಣಲ್ಲಿ ನೀರು.

ಆ ರಾಶಿಯಲ್ಲಿ ಒಬ್ಬ ಹೆಂಗಸಿನ ಸ್ಲೈಡು ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ತಪ್ಪದೆ ಬರುತ್ತಿತ್ತು. ಪ್ರತಿ ಸಲವೂ ಮಲೇರಿಯಾ ಇಲ್ಲ. ಇಷ್ಟು ಜ್ವರ ಯಾವುದಪ್ಪ ಎಂದು ನನಗೆ ಕುತೂಹಲ ಹತ್ತಿತು. ಗಮನವಿಟ್ಟು ನೋಡಿದಾಗ ಆ ರಕ್ತದಲ್ಲಿ ಒಂದು ಜಾತಿಯ ಬಿಳಿಯ ಕಣಗಳು ವಿಪರೀತ ಹೆಚ್ಚಾಗಿ ಕಂಡವು. ದಮ್ಮಿನ ಕಾಯಿಲೆ ಇರುವವರಲ್ಲಿ ಹಾಗೆ ಕಾಣುವುದುಂಟು. ಸ್ಲೈಡಿನ ಪೆಟ್ಟಿಗೆ ತಂದು ಮೇಜಿನ ಮೇಲಿಡುವಾಗ ಮಲೇರಿಯಾದವರ ಎದೆ ಸುಯ್ಯೆನ್ನುವುದು ನನ್ನ ಕಿವಿಗೆ ಬಿದ್ದಿತ್ತು. ಅನುಮಾನ ಬಂದು ಡಾಕ್ಟರ ಚೀಟಿಗಳನ್ನು ತಿರುವಿ ಹಾಕಿದೆ. ಆ ಹೆಸರಿನ ಹೆಂಗಸಿಗೆ ಎದೆಯ ಕ್ಯಾನ್ಸರ್, ದೊಡ್ಡಾಸ್ಪತ್ರೆಯವರು ಇನ್ನು ಮಾಡುವಂಥದ್ದು ಏನೂ ಇಲ್ಲವೆಂದು ಮನೆಗೆ ಕಳಿಸಿದ್ದಾರೆ, ರಕ್ತಹೀನತೆ ಬಹಳ ಇದೆ ಎಂದು ಬರೆದಿತ್ತು. ನನ್ನ ಗಾಜಿನ ಮೇಲಿದ್ದ ರಕ್ತದಲ್ಲೋ ರಕ್ತಹೀನತೆಯ ಸುಳಿವೇ ಇರಲಿಲ್ಲ.

ಇದನ್ನು ನಾನು ಅವರನ್ನೇ ಕರೆದು ಕೇಳಬಹುದಿತ್ತು. ಕೇಳಲಿಲ್ಲ. ತಿಂಗಳ ಮೀಟಿಂಗಿನಲ್ಲಿ, ಮೇಲಿನ ಇನ್‌ಸ್ಪೆಕ್ಟರು ಕೂತಿದ್ದಾಗ, ನನ್ನ ಕಣ್ಣಿನ ಚುರುಕು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಎದ್ದು ನಿಂತು ಹೇಳಿಬಿಟ್ಟೆ. ಹೆಸರು ಆಕೆಯದು, ರಕ್ತ ಇವರದು ಎಂದೆ. ಹೇಳಿ ಕೂತಾಗ ಹೊಗಳಿಕೆಗಾಗಿ ಕಾದಿದ್ದೆನೆಂದು ನೆನಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಇನ್‌ಸ್ಪೆಕ್ಟರು ಸುಳ್ಳು ಸ್ಲೈಡಿಗೆ ಮೆಮೊ ಕೊಟ್ಟರು. ಬರುವ ಸೋಮವಾರದಿಂದ ಕುಷ್ಟಗಿ ಕಡೆಯ ಹಳ್ಳಿಗಳಿಗೆ ಹೋಗಬೇಕೆಂದು ಮಲೇರಿಯಾದವರಿಗೆ ಅಲ್ಲೇ ಆದೇಶವಾಯಿತು. ಅವರು ಮೆಮೊ ಮಡಿಸಿ ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದರು. ಸೈಕಲ್ಲಿನ ಬಳಿ ನಿಂತು ನನ್ನನ್ನು ಕರೆದರು. ಬೈಯುತ್ತಾರೆಂದು ಹೆದರುತ್ತಲೇ ಹೋದೆ.

“ಕಣ್ಣ ಛಲೋ ಅದಾವರಿ ನಿಮ್ಮವು,” ಎಂದರು. “ಗಾಜಿನ್ಯಾಗ ನೋಡಿದ್ರಿ. ಒಮ್ಮೆ ಮನಿಗೂ ಬಂದು ನೋಡ್ರಿ.”

ವ್ಯಂಗ್ಯವಿರಲಿಲ್ಲ. ನಿಜವಾಗಿ ಕರೆಯುತ್ತಿದ್ದರು. ಮರುದಿನ ಶುಕ್ರವಾರ, ಇಬ್ಬರೂ ಸೈಕಲ್ಲಿನಲ್ಲಿ ಕಾಲುವೆಯ ದಂಡೆ ಹಿಡಿದು ಹೊರಟೆವು. ಅವರ ದಮ್ಮಿಗಾಗಿ ಅಲ್ಲಲ್ಲಿ ಇಳಿದು ನಡೆಯಬೇಕಾಗುತ್ತಿತ್ತು. ನಡೆಯುವಾಗ ನಾನು ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ಟರು. ಜ್ವರವೆಂದು ಬರೆಯದಿದ್ದರೆ ನಡುವೆ ಆ ಮನೆಗೆ ಹೋಗಲು ದಾರಿಯಿಲ್ಲ. ಜ್ವರವೆಂದು ಬರೆದರೆ ಸ್ಲೈಡು ಬೇಕೇ ಬೇಕು. ಆಕೆಯ ಕೈಗಳೋ ಆಸ್ಪತ್ರೆಯ ಸೂಜಿಗಳಿಂದ ಸಾಕಾಗಿ ಹೋಗಿವೆ, ಇನ್ನೊಂದು ಚುಚ್ಚಲು ಮನಸ್ಸು ಬಾರದು. ತಮ್ಮ ಬೆರಳು ಹೇಗೂ ಜೊತೆಗೇ ಇರುತ್ತದಲ್ಲ ಎಂದು ನಕ್ಕರು. ನೋವಿನ ಗುಳಿಗೆಗೆ ನಮ್ಮ ಡಾಕ್ಟರೇ ಚೀಟಿ ಬರೆಯುತ್ತಿದ್ದರು. ಅವನ್ನು ಮನೆಗೆ ಮುಟ್ಟಿಸಿ, ಕೂತು, ಹೇಗಿದ್ದೀರಿ ಎಂದು ಕೇಳುವ ಕೆಲಸ ಮಾತ್ರ ಯಾರ ನೌಕರಿಯಲ್ಲೂ ಇರಲಿಲ್ಲ.

ಇದು ಹೇಗೆ ಶುರುವಾಯಿತೆಂದು ಕೇಳಿದೆ. ಬಹಳ ವರ್ಷಗಳ ಹಿಂದೆ ಯಾವುದೋ ಊರಿನಲ್ಲಿ, ಜ್ವರವಿಲ್ಲ ಎಂದು ಮನೆಯವರು ಹೇಳಿದ ಮೇಲೆ ಅವರು ಎಂದಿನಂತೆ ಗೋಡೆಗೆ ತಾರೀಖು ಬರೆಯುತ್ತಿದ್ದರಂತೆ. ಒಳಗೆ ಮಲಗಿದ್ದ ಮುದುಕಿಯೊಬ್ಬಳು, “ಬರೇ ಜ್ವರ ಕೇಳಿ ಹೊಕ್ಕೀಯಲ್ಲೋ ತಮ್ಮಾ, ಬ್ಯಾರೆ ಏನೂ ಕೇಳಂಗಿಲ್ಲೇನು?” ಎಂದಳಂತೆ. ಒಳಗೆ ಹೋಗಿ ಬೇರೆ ಏನು ಎಂದು ಕೇಳಿದರು. ಅಂದಿನಿಂದ ಕೇಳುತ್ತಲೇ ಇದ್ದಾರೆ. ನರ್ಸುಗಳಿಂದ, ಸೂಲಗಿತ್ತಿಯರಿಂದ, ಹುಣ್ಣಾದ ಎತ್ತಿಗೆ ಔಷಧ ಹಾಕುವವರಿಂದಲೂ ಒಂದೊಂದು ಕಲಿತರು. ಉಳಿದದ್ದನ್ನು ಮಲಗಿದವರೇ ಕಲಿಸಿದರು.

ಆ ಮನೆಯ ಹೊರಗೋಡೆಯ ತುಂಬ ಮಂಗಳವಾರ, ಶುಕ್ರವಾರದ ತಾರೀಖುಗಳು. ಒಳಗೆ ಕಾಲಿಟ್ಟರೆ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಮಂಚ. ಮೊದಲು ವಾಸನೆಗೆ ಹೆದರಿ ಆಕೆಯನ್ನು ಹಿಂದಿನ ಕತ್ತಲೆ ಕೋಣೆಯಲ್ಲಿ, ಕುಂಟೆ ಕೂರಿಗೆಗಳ ನಡುವೆ ಮಲಗಿಸಿದ್ದರಂತೆ. ಮಲಗಿದವರಿಗೆ ಗೋಡೆ ತೋರಿಸಬಾರದು, ಓಣಿ ತೋರಿಸಬೇಕು ಎಂದು ಮಲೇರಿಯಾದವರೇ ಗಂಡನ ಜೊತೆ ಸೇರಿ ಮಂಚ ಹೊತ್ತು ತಂದರು. ಆಕೆಗೆ ಐವತ್ತರ ಒಳಗೆ ವಯಸ್ಸು. ಕೈಕಾಲು ಕಡ್ಡಿಯಾಗಿದ್ದವು, ಕಣ್ಣು ಮಾತ್ರ ಚುರುಕು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಒಬ್ಬಳೇ ಮಗಳು ಗಂಡನ ಮನೆಯಲ್ಲಿ, ಹಸಿ ಬಾಣಂತಿ.

ಹುಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ಕರವಸ್ತ್ರಕ್ಕೆ ಕೈ ಹಾಕಿದೆ. ಮಲೇರಿಯಾದವರು ಮೆಲ್ಲಗೆ ನನ್ನ ಮೊಣಕೈ ಹಿಡಿದರು, ಬಾಯಿಂದ ಉಸಿರು ತಗೊಳ್ಳಿ ಎಂದು ಕಿವಿಯಲ್ಲಿ ಹೇಳಿದರು. ತಮ್ಮ ಮೂಗು ಹೇಗೂ ಸದಾ ಕಟ್ಟಿರುತ್ತದೆ, ದೇವರು ಈ ಕೆಲಸಕ್ಕೆಂದೇ ದಮ್ಮು ಕೊಟ್ಟಿದ್ದಾನೆ ಎಂದು ಆಮೇಲೆ ಚೇಷ್ಟೆ ಮಾಡಿದರು. ಅವರು ಕುರ್ಚಿ ಮುಟ್ಟಲಿಲ್ಲ. ಆಕೆ ಕತ್ತೆತ್ತಿ ನೋಡಬಾರದೆಂದು ಮಂಚದ ಪಕ್ಕ ನೆಲದ ಮೇಲೆ ಕೂತರು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಹುಣ್ಣು ತೊಳೆದರು. ಒಗೆದ ಹಳೆಯ ಧೋತರದ ಪಟ್ಟಿ ಸುತ್ತಿ, ವಾಸನೆ ಹೀರಲೆಂದು ಅದರ ಮೇಲೆ ಇದ್ದಿಲು ಪುಡಿಯ ಪುಟ್ಟ ಚೀಲ ಇಟ್ಟರು. ಹಿಮ್ಮಡಿಯ ಕೆಳಗೆ ಸೀರೆಯ ಸಿಂಬಿ. ಮಗ್ಗುಲು ಬದಲಿಸುವಾಗ ಮೊದಲು ಕೇಳುವರು, ಆಕೆ ಹೂಂ ಎಂದ ಮೇಲೆಯೇ ಕೈ ಹಾಕುವರು. ಎಲ್ಲ ಮುಗಿದ ಮೇಲೆ ಚಹಾ ಕೇಳಿದರು. ಗಂಡನನ್ನಲ್ಲ, ಆಕೆಯನ್ನು. ಆಕೆ ಮಲಗಿದಲ್ಲಿಂದಲೇ ಗಂಡನಿಗೆ, ಸಕ್ಕರೆ ಡಬ್ಬಿ ಎಲ್ಲಿದೆ, ಯಾವ ಕಪ್ಪಿನ ಹಿಡಿಕೆ ಮುರಿದಿಲ್ಲ ಎಂದು ಹೇಳತೊಡಗಿದಳು. ಬೇರೆ ಮನೆಗಳಲ್ಲಿ ಚಹಾ ಬೇಡವೆನ್ನುತ್ತಿದ್ದ ಮನುಷ್ಯ ಇಲ್ಲಿ ಕೇಳಿ ಕುಡಿಯುವುದು ಯಾಕೆಂದು ನನಗೆ ಅದನ್ನು ನೋಡಿದ ಮೇಲೆ ತಿಳಿಯಿತು.

ಒಳಗಿನ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಿದ್ದವು. ದಿನಕ್ಕೆ ನಾಲ್ಕು. ಮುಂಜಾನೆಯ ಹಾಲು ಕರೆಯುವ ಹೊತ್ತಿಗೊಂದು, ಗಂಗಾವತಿ ಬಸ್ಸು ಹಾರ್ನ್ ಹೊಡೆದಾಗೊಂದು, ಶಾಲೆ ಬಿಟ್ಟಾಗೊಂದು, ದೀಪ ಹಚ್ಚಿದಾಗೊಂದು. ಗಡಿಯಾರವಿಲ್ಲದ ಮನೆಗೆ ಅವರು ಮಾಡಿಕೊಟ್ಟ ಗಡಿಯಾರ ಅದು. ಗಂಡ ಗುಳಿಗೆ ಕೊಟ್ಟು ಒಂದೊಂದೇ ಗೆರೆ ಹೊಡೆಯುತ್ತಿದ್ದ. ನೋವಿಲ್ಲದಾಗ ಯಾಕೆ ಗುಳಿಗೆ ಎಂದು ನಾನು ಕೇಳಿದೆ.

“ನೋವು ಬಂದ ಮ್ಯಾಲ ಕೊಡೂದಲ್ರಿ, ಅದು ಬರೂದಕ್ಕ ಮೊದಲ ಕೊಡೂದು,” ಎಂದರು. “ಕಾಲುವಿ ನೀರು ಹೊಲದಾಗ ನುಗ್ಗಿದ ಮ್ಯಾಲ ಒಡ್ಡು ಹಾಕಿ ಏನ ಮಾಡತೀರಿ?”

ಹೊರಡುವಾಗ ಆಕೆಗೆ, ಇನ್ನು ಮುಂದೆ ಮಂಗಳವಾರ ಶುಕ್ರವಾರ ಈ ಲ್ಯಾಬ್ ಸಾಹೇಬರು ಬರುತ್ತಾರೆ ಎಂದು ಹೇಳಿಬಿಟ್ಟರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬಾಗಿಲಲ್ಲಿ ನಾನು ತಡವರಿಸಿದಾಗ, ಹುಡುಕಿ ತೆಗೆದವರು ನೀವೇ ಅಲ್ಲವೇ ಎಂದರು. ಒಂದು ನಿಯಮವನ್ನೂ ಹೇಳಿದರು: “ಕೇಳಿದ್ದಕ್ಕ ಸುಳ್ಳ ಹೇಳಬ್ಯಾಡ್ರಿ. ಕೇಳಲಾರದ್ದನ್ನ ಹೇಳಬ್ಯಾಡ್ರಿ.” ಆ ಸೋಮವಾರ ಅವರು ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಕಡೆ ಹೊರಟುಹೋದರು.

ಮೊದಲ ಎರಡು ವಾರ ನಾನು ಚೆನ್ನಾಗಿಯೇ ನಿಭಾಯಿಸಿದೆ ಎಂದುಕೊಂಡಿದ್ದೆ. ಸಂಜೆ ಕೆಲಸ ಮುಗಿಸಿ ಹೋಗುತ್ತಿದ್ದೆ, ಸುಳ್ಳು ಸ್ಲೈಡಿನ ಗೋಜಿಲ್ಲ. ಡ್ರೆಸ್ಸಿಂಗ್ ಕಲಿತೆ, ಚಹಾ ಕೇಳುವುದನ್ನೂ ಕಲಿತೆ. ಆದರೆ ಒಂದು ದಿನ, ಗಂಡ ನೀರು ತರಲು ಹೊರಗೆ ಹೋದಾಗ, ಆಕೆ ನನ್ನ ಕೈ ಹಿಡಿದಳು.

“ತಮ್ಮಾ, ಖರೇ ಹೇಳು. ಪಂಚಮಿ ಮುಟ್ಟತೀನೇನು ನಾ?”

ನಾಗರ ಪಂಚಮಿಗೆ ಇನ್ನೂ ಮೂರು ವಾರವಿತ್ತು. ಡಾಕ್ಟರು ನನಗೆ ಅದಕ್ಕಿಂತ ಕಡಿಮೆಯೇ ಹೇಳಿದ್ದರು. ನನ್ನ ನಾಲಗೆ ಮಾತ್ರ ತನ್ನಷ್ಟಕ್ಕೆ ತಾನೇ ಓಡಿತು: ಪಂಚಮಿ ಏನು ಬಂತು, ದೀಪಾವಳಿಗೆ ನೀವೇ ನಮಗೆ ಹೋಳಿಗೆ ಮಾಡಿ ಬಡಿಸುತ್ತೀರಿ ಎಂದೆ. ಆಕೆ ಕೈ ಬಿಟ್ಟಳು. ಓಣಿಯ ಕಡೆಗಿದ್ದ ಮುಖವನ್ನು ತಿರುಗಿಸಿಕೊಂಡಳು. ಮುಂದಿನ ಎರಡು ಭೇಟಿಯಲ್ಲಿ ನಾನು ಕೇಳಿದ್ದಕ್ಕೆ ಹೂಂ, ಊಹೂಂ ಬಿಟ್ಟು ಬೇರೆ ಮಾತಿಲ್ಲ. ಚಹಾ ಕೇಳಿದರೆ, ಇವರನ್ನೇ ಕೇಳು ಎಂದಳು. ಯಾವ ಗುಳಿಗೆಯೂ ಮುಟ್ಟದ ನೋವೊಂದನ್ನು ನಾನೇ ಕೊಟ್ಟು ಬಂದಿದ್ದೆ. ಏನು ಮಾಡುವುದೆಂದು ತಿಳಿಯದೆ ಮಲೇರಿಯಾದವರಿಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಉತ್ತರದ ಕಾರ್ಡಿನಲ್ಲಿ ಎರಡೇ ಸಾಲಿದ್ದವು. ಹೋಗಿ ಸುಳ್ಳನ್ನು ವಾಪಸು ತೆಗೆದುಕೊಳ್ಳಿರಿ. ಆಕೆ ಅದನ್ನು ಯಾಕೆ ಕೇಳಿದಳೆಂದು ಕೇಳಿರಿ.

ಎರಡನೆಯ ಸಾಲು ನನ್ನನ್ನು ಅಲ್ಲಾಡಿಸಿತು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಊರವರ ರಕ್ತವನ್ನೆಲ್ಲ ಶೋಧಿಸುತ್ತಿದ್ದ ನನಗೆ, ಒಬ್ಬ ಹೆಂಗಸು ಕೇಳಿದ ಪ್ರಶ್ನೆಯ ಹಿಂದೆ ಏನಿದೆ ಎಂಬ ಕುತೂಹಲವೇ ಹುಟ್ಟಿರಲಿಲ್ಲ. ಅಂದೇ ಹೋದೆ. ಮಂಚದ ಪಕ್ಕ ನೆಲದ ಮೇಲೆ ಕೂತೆ.

“ಯವ್ವಾ, ಅವತ್ತ ನಾ ಸುಳ್ಳ ಹೇಳಿದೆ. ಪಂಚಮಿ ಮುಟ್ಟೂದು ಕಷ್ಟ ಐತಿ ಅಂತಾರ ಡಾಕ್ಟ್ರು. ಮುಟ್ಟಿದ್ರೂ ಅದರಾಚೆ ಭಾಳ ದಿನ ಇಲ್ಲ.”

ಆಕೆ ನನ್ನ ಕಡೆ ಮುಖ ತಿರುಗಿಸಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ, ದೊಡ್ಡ ಉಸಿರು ಬಿಟ್ಟಳು. ಪಂಚಮಿಯನ್ನೇ ಯಾಕೆ ಕೇಳಿದಿರಿ ಎಂದೆ.

“ಇವರಿಗೆ ರೊಟ್ಟಿ ಬಡಿಯಾಕ ಬರೂದಿಲ್ಲೋ ಯಪ್ಪಾ,” ಎಂದಳು. “ದಿನ ಅದಾವು ಅಂದ್ರ ಇರಲಿ ಬಿಡು ಅಂತಿದ್ದೆ. ಇಲ್ಲ ಅಂದ್ರ ಇವತ್ತ ಇವರ ಕೈಗೆ ಹಿಟ್ಟ ಹಿಡಸಬೇಕು.”

ನಮ್ಮ ಕಡೆ ಪಂಚಮಿಯ ಮೊದಲು ರೊಟ್ಟಿ ಹಬ್ಬ. ಅಂದು ಪ್ರತಿ ಮನೆಯಿಂದ ಪ್ರತಿ ಮನೆಗೆ ರೊಟ್ಟಿ, ಪಲ್ಯ, ಚಟ್ನಿ ಹೋಗಬೇಕು, ಬರಬೇಕು. ಆಕೆಯ ಕಾಯಿಲೆ ಶುರುವಾದ ಮೇಲೆ ಆ ಮನೆಗೆ ಜನ ಬರುವುದು ನಿಂತಿತ್ತು. ಈ ಸಲ ತನ್ನ ಮನೆಯಿಂದ ರೊಟ್ಟಿ ಹೋಗದಿದ್ದರೆ, ತಾನು ಹೋದ ಮೇಲೆ ಗಂಡನ ಪಾಲಿಗೆ ಓಣಿಯೇ ಮುಚ್ಚಿಹೋಗುತ್ತದೆ ಎಂಬುದು ಆಕೆಯ ಲೆಕ್ಕ. ಹೀಗಾಗಿ ಆಕೆಗೆ ದಿನ ಗೊತ್ತಾಗಬೇಕಿತ್ತು. ಉಳಿದವರೆಲ್ಲ ಆಕೆಯನ್ನು ಅಳಿಸಬಾರದೆಂದು ಸುಳ್ಳು ಹೇಳುತ್ತಿದ್ದರೆ, ಆಕೆ ಮಂಚದ ಮೇಲೆ ಮಲಗಿ ಮುಂದಿನ ವರ್ಷದ ಗಂಡನ ಊಟದ ಚಿಂತೆ ಮಾಡುತ್ತಿದ್ದಳು.

ಆಮೇಲಿನ ಎರಡು ವಾರ ಆ ಮನೆಯಲ್ಲಿ ನಗು ಕೇಳಿದ್ದನ್ನು ನಾನು ಮರೆಯಲಾರೆ. ಒಲೆಯನ್ನು ಮಂಚಕ್ಕೆ ಕಾಣುವ ಹಾಗೆ ಪಡಸಾಲೆಗೆ ತಂದರು. ಓಣಿಯವರು ನೋಡುತ್ತಾರೆಂದು ಗಂಡ ಅರ್ಧ ಬಾಗಿಲು ಹಾಕಿ ಹಿಟ್ಟಿಗೆ ಕೈ ಹಾಕುತ್ತಿದ್ದ. ಆಕೆ ತೆಗೆಸುತ್ತಿದ್ದಳು. ಮೊದಲ ದಿನದ ರೊಟ್ಟಿ ಹಂಚಿನ ಮೇಲೆ ಮೂರು ತುಂಡಾಯಿತು. ಬಿಸಿನೀರು ಕಡಿಮೆ, ನಾದಿದ್ದು ಸಾಲದು, ಎಮ್ಮೆ ಮೈ ತಿಕ್ಕಿದ ಹಾಗೆ ತಿಕ್ಕಬಾರದು ಎಂದು ಆಕೆ ತಪ್ಪು ಹಿಡಿಯುತ್ತಿದ್ದಳು. ಕೆಲವೇ ದಿನಕ್ಕೆ ಕಣ್ಣು ಮುಚ್ಚಿಕೊಂಡು, ಬಡಿಯುವ ಸಪ್ಪಳದಿಂದಲೇ ದಪ್ಪ ತೆಳುವು ಹೇಳತೊಡಗಿದಳು. ಗುಳಿಗೆಗಳು ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದವು; ನೋವು ದೂರದಲ್ಲಿತ್ತು. ಇದನ್ನೆಲ್ಲ ಮಲೇರಿಯಾದವರಿಗೆ ಬರೆದಾಗ ಅವರು ಮರು ಕಾರ್ಡಿನಲ್ಲಿ ಕೇಳಿದ್ದು ಒಂದೇ, ರೊಟ್ಟಿ ಉಬ್ಬುತ್ತದೆಯೋ ಇಲ್ಲವೋ ಎಂದು.

ಈಗ ಈ ಕೆಲಸಕ್ಕೆ ಉಪಶಾಮಕ ಆರೈಕೆ ಎಂಬ ಹೆಸರಿದೆ. ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆಗಳು ದೊಡ್ಡ ಊರುಗಳಲ್ಲಿವೆ, ಕಲಿಸುವವರೂ ಇದ್ದಾರೆ. ಆ ಹೆಸರನ್ನು ನಾನು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಕೇಳಿದಾಗ, ಅದರ ಬಗ್ಗೆ ಹೇಳುತ್ತಿದ್ದವರ ಒಂದೊಂದು ಮಾತಿಗೂ ನನ್ನ ಕಣ್ಣ ಮುಂದೆ ಬಂದದ್ದು ಇದ್ದಿಲಿನ ಗೆರೆಗಳೇ.

ಆಕೆ ಪಂಚಮಿ ಮುಟ್ಟಿದಳು. ರೊಟ್ಟಿ ಹಬ್ಬದ ದಿನ ಗಂಡ ತಲೆ ತಗ್ಗಿಸಿಕೊಂಡೇ ಹನ್ನೆರಡು ಮನೆಗೆ ರೊಟ್ಟಿ ಕೊಟ್ಟು ಬಂದನಂತೆ. ತಟ್ಟೆ ವಾಪಸು ಕೊಡುವ ನೆಪದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಆಕೆಯ ಮಂಚದ ಪಕ್ಕ ಕೂತರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನಲ್ಲಿರಲಿಲ್ಲ. ಹಬ್ಬಕ್ಕೆ ಯಲಬುರ್ಗಾಕ್ಕೆ ಹೋಗಿದ್ದೆ. ಶುಕ್ರವಾರ ಕೊಟ್ಟ ಗುಳಿಗೆ ಮಂಗಳವಾರದವರೆಗೆ ಸಾಕು ಎಂದು ಎಂದಿನ ಲೆಕ್ಕದಲ್ಲೇ ಕೊಟ್ಟಿದ್ದೆ. ಆ ಮಂಗಳವಾರ ಹಬ್ಬದ ರಜೆ, ನಾನೇ ಇರುವುದಿಲ್ಲ ಎಂಬುದು ಗುಳಿಗೆ ಎಣಿಸುವಾಗ ತಲೆಗೇ ಬಂದಿರಲಿಲ್ಲ. ಬುಧವಾರ ಸಂಜೆ ಮರಳಿ ಬಂದಾಗ ಓಣಿಯ ತುದಿಗೇ ಆಕೆಯ ನರಳಾಟ ಕೇಳಿಸಿತು. ಗೋಡೆಯ ಮೇಲೆ ಗೆರೆಗಳು ಮಂಗಳವಾರದ ಬೆಳಗಿಗೆ ನಿಂತಿದ್ದವು. ಗಂಡ ಮಂಗಳವಾರ ಆರೋಗ್ಯ ಕೇಂದ್ರದವರೆಗೆ ನಡೆದು ಹೋಗಿ, ಬೀಗ ನೋಡಿ ಬಂದಿದ್ದ; ಬುಧವಾರ ನರಳುವ ಆಕೆಯನ್ನು ಒಬ್ಬಳೇ ಬಿಟ್ಟು ಹೋಗಲಾಗಿರಲಿಲ್ಲ. ಡಾಕ್ಟರ ಮನೆಗೆ ಓಡಿದೆ. ಅವರೇ ಬಂದು ಇಂಜೆಕ್ಷನ್ ಕೊಟ್ಟರು. ನೋವು ಇಳಿಯಿತು, ಆದರೆ ಆಕೆ ಮತ್ತೆ ಮಾತಾಡುವಷ್ಟು ಚೇತರಿಸಲಿಲ್ಲ. ನಾಲ್ಕನೆಯ ದಿನ ಗಂಡ ಹತ್ತಿಯಿಂದ ತುಟಿ ಒದ್ದೆ ಮಾಡುತ್ತಿದ್ದಾಗ ಹೋದಳು.

ಮಲೇರಿಯಾದವರು ಸುದ್ದಿ ತಿಳಿದು ರಜೆ ಹಾಕಿ ಬಂದರು. ಗಂಡ ಇಬ್ಬರಿಗೂ ತಾನೇ ಬಡಿದ ರೊಟ್ಟಿ ಬಡಿಸಿದ. ಪಕ್ಕದ ಮನೆಯಿಂದ ಪಲ್ಯ ಬಂದಿತ್ತು. ಊಟ ಮುಗಿಸಿ ನಾವಿಬ್ಬರೂ ಕಾಲುವೆಯ ದಂಡೆಯ ಮೇಲೆ ಕೂತೆವು. ಅವರ ದಮ್ಮು ಮೊದಲಿಗಿಂತ ಹೆಚ್ಚಾಗಿತ್ತು.

“ಕಡೀಕ ನೋವಿತ್ತೇನ್ರಿ?” ಎಂದು ಕೇಳಿದರು.

ಇಲ್ಲವೆನ್ನುವುದು ಬಹಳ ಸುಲಭವಿತ್ತು. ಕಡೆಯ ನಾಲ್ಕು ದಿನ ಇರಲಿಲ್ಲವೆಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

“ಒಂದೂವರಿ ದಿನ ಇತ್ರಿ,” ಎಂದೆ. “ಗುಳಿಗಿ ಮುಗದಿದ್ವು. ನಾ ಹಬ್ಬಕ್ಕ ಊರಿಗೆ ಹೋಗಿದ್ದೆ.”

ಅವರು ದಂಡೆಯ ಹುಲ್ಲೊಂದನ್ನು ಕಿತ್ತು ನೀರಿಗೆ ಹಾಕಿದರು. ಬೈದರೆ ಸಾಕು, ಇಲ್ಲವೇ ಇರಲಿ ಬಿಡು ಎಂದರೆ ಸಾಕು ಎಂದು ನನ್ನ ಜೀವ ಒದ್ದಾಡುತ್ತಿತ್ತು. ಕಡೆಗೆ, “ನಾನೂ ಒಬ್ಬರಿಗೆ ಹಂಗ ಮಾಡೀನ್ರಿ. ಯಾರು ಅಂತ ಕೇಳಬ್ಯಾಡ್ರಿ,” ಎಂದರು. ನನ್ನಂಥ ಕೆದಕುವವನೂ ಅಂದು ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಈಗ ಕೇಳಲು ಅವರೇ ಇಲ್ಲ.

ಎದ್ದು ಧೂಳು ಕೊಡವಿಕೊಂಡು, ಪೆನ್ ಇದೆಯೇ ಎಂದು ಕೇಳಿದರು. ಬರುವಾಗ ಬಸ್ಸಿನಲ್ಲಿ ಸುದ್ದಿ ತಿಳಿಯಿತು, ಕಾಲುವೆಯಾಚೆಯ ವಲಸೆ ರೈತರ ಕ್ಯಾಂಪಿನಲ್ಲಿ ಗಂಟಲ ಕ್ಯಾನ್ಸರಿನ ಒಬ್ಬ ಮನುಷ್ಯನಿದ್ದಾನೆ, ಮಾತು ನಿಂತಿದೆ, ಕಣ್ಣು ನೋಡಿ ತಿಳಿದುಕೊಳ್ಳಬೇಕು ಎಂದು ದಾರಿ ಹೇಳಿದರು. ನಾನು ಬಸ್ಸಿನ ಟಿಕೇಟಿನ ಹಿಂದೆ ಬರೆದುಕೊಂಡೆ. ಮರುದಿನ ಮಂಗಳವಾರ. ಡಾಕ್ಟರನ್ನು ಕಂಡು ಚೀಟಿ ಬರೆಸಿದೆ, ಮುಂದಿನ ರಜೆಗಳೆಲ್ಲ ಯಾವಾಗ ಎಂದು ಕ್ಯಾಲೆಂಡರ್ ನೋಡಿದೆ, ಗುಳಿಗೆಗಳನ್ನು ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದೆ.